ಧನ್ಯಾಳನ್ನು ಯಾರೂ ಕೇಳಿರಲಿಲ್ಲ

ಸೋಮವಾರ, ಬುಧವಾರ, ಶುಕ್ರವಾರದ ಸಂಜೆಗಳಲ್ಲಿ ಆಶಾರಾಣಿ ಎರಡು ಫೋನು ಪಕ್ಕದಲ್ಲಿಟ್ಟುಕೊಂಡು ಅಡಿಗೆ ಮಾಡುತ್ತಿದ್ದಳು. ಒಂದು ಅವಳದು. ಇನ್ನೊಂದು ಹಾಸನದ ಸಂಸ್ಥೆಯವರು ಕೊಟ್ಟ, ಗುಂಡಿ ಒತ್ತುವ ಸಣ್ಣ ಫೋನು. ಸಕ್ಕರೆ ಕಾಯಿಲೆ ಬಂದ ಮಕ್ಕಳ ತಂದೆತಾಯಿಗಳಿಗೆಂದು ಆ ಸಂಸ್ಥೆ ಒಂದು ಸಹಾಯವಾಣಿ ನಡೆಸುತ್ತಿತ್ತು. ಜಿಲ್ಲೆಯ ಯಾವ ಮೂಲೆಯಿಂದ ಯಾರು ಕರೆ ಮಾಡಿದರೂ, ಆ ಹೊತ್ತಿನ ಪಾಳಿ ಯಾರದೋ ಅವರ ಫೋನು ಹೊಡೆದುಕೊಳ್ಳುತ್ತಿತ್ತು. ಪಾಳಿ ಮಾಡುವವರೆಲ್ಲ ಅಂಥದೇ ಮಕ್ಕಳನ್ನು ಸಾಕುತ್ತಿದ್ದವರು. ಸಂಬಳ ಗಿಂಬಳ ಏನಿಲ್ಲ. ಔಷಧಿಯ ಅಳತೆ ಹೇಳಬಾರದು, ಯಾರ ಮನೆಗೂ ಹೋಗಬಾರದು, ಅನುಮಾನ ಬಂದರೆ ಆಸ್ಪತ್ರೆಗೆ ಕಳಿಸಬೇಕು, ಉಳಿದಂತೆ ಕೇಳಿಸಿಕೊಳ್ಳಬೇಕು. ತರಬೇತಿಯಲ್ಲಿ ಹೇಳಿಕೊಟ್ಟಿದ್ದು ಅಷ್ಟೇ.

ಕೇಳಿಸಿಕೊಳ್ಳುವುದಕ್ಕಿಂತ ಹೇಳುವುದರಲ್ಲಿ ಆಶಾ ಜಾಣೆ.

"ಅಳಬೇಡಿ ಅಕ್ಕ. ನಮ್ಮನೇಲೂ ಹಿಂಗೇ ಆಗಿತ್ತು," ಎಂದು ಅವಳು ಹೊಳೆನರಸೀಪುರದ ಕಡೆಯ ಒಬ್ಬ ತಾಯಿಗೆ ಹೇಳುತ್ತಿದ್ದಳು. ಕೈ ಹುರುಳಿಕಾಳು ಸಾರು ತಿರುವುತ್ತಿತ್ತು. "ನನ್ನ ಮಗಳು ಪ್ರತಿಭಾ ಕಾರಂಜೀಲಿ ಹಾಡು ಹೇಳೋಕೆ ಅಂತ ಸ್ಟೇಜ್ ಹತ್ತಿದೋಳು ಅಲ್ಲೇ ಕುಸಿದು ಬಿದ್ಲು. ಲಂಗ ಎಲ್ಲಾ ಒದ್ದೆ. ಆಮೇಲೆ ಸ್ಕೂಲಿಗೇ ಹೋಗಲ್ಲ ಅಂತ ಕೂತ್ಲು. ಈಗ ಬಂದು ನೋಡಿ, ಒಂಬತ್ತನೇ ಕ್ಲಾಸು, ತಾನೇ ಇಂಜೆಕ್ಷನ್ ಚುಚ್ಕೋತಾಳೆ. ನಿಮ್ಮ ಮಗೂನೂ ಹಂಗೇ ಆಗುತ್ತೆ."

ಆ ಕಡೆಯ ಅಳು ನಿಧಾನಕ್ಕೆ ಬಿಕ್ಕಳಿಕೆಯಾಗಿ, ಬಿಕ್ಕಳಿಕೆ ಮಾತಾಗುವುದನ್ನು ಕೇಳುವಾಗ ಆಶಾಳಿಗೆ ಮೈಯೆಲ್ಲ ಹಗುರವಾಗುತ್ತಿತ್ತು. ಧನ್ಯಾ ಐದನೇ ಕ್ಲಾಸಿನಲ್ಲಿ ಆಸ್ಪತ್ರೆ ಸೇರಿದಾಗ ತನಗೆ ಹೀಗೆ ಹೇಳುವವರು ಒಬ್ಬರೂ ಇರಲಿಲ್ಲ.

ಫೋನು ಇಟ್ಟ ಕೂಡಲೇ ಅತ್ತೆ ಬೆಟ್ಟಮ್ಮ ಶುರುಮಾಡಿದರು. ಅವರು ಅಡಿಗೆಮನೆ ಹೊಸಿಲ ಮೇಲೆ ಕೂತು ಸೊಪ್ಪು ಸೋಸುತ್ತಿದ್ದರು.

"ನೀನಿಂಗೆ ಊರ್ ತುಂಬಾ ಸಾರ್ಕಂಡ್ ಬಂದ್ರೆ ನಾಳೆ ಆ ಹೆಣ್ಮಗೀನ ಯಾರವ್ವ ತಂದ್ಕತಾರೆ?"

"ನಾನು ಹೆಸರು ಹೇಳಲ್ಲ ಅತ್ತೆ."

"ಹೆಸ್ರ್ಯಾಕೆ ಬೇಕು? ಈ ದುದ್ದದಾಗೆ ಎಷ್ಟ್ ಜನ ಹೆಣ್ಮಕ್ಳು ಹೊಟ್ಟೆಗೆ ಸೂಜಿ ಚುಚ್ಕತಾವೆ?"

"ಕಾಯಿಲೆ ಬಂದದ್ದು ತಪ್ಪಲ್ಲ ಅತ್ತೆ. ಮುಚ್ಚಿಡೋಕೆ ನಾವೇನು ಕಳ್ಳತನ ಮಾಡಿದೀವಾ?"

"ಅದುನ್ನೂ ಹೇಳ್ಬುಡು. ಪುಡಿ ತಂದು ತಿನ್ಸಿದ್ದು ನಾನೇ ಅಂತಾನೂ ಹೇಳ್ಬುಡು."

ಆಶಾ ಅದನ್ನೂ ಹೇಳುತ್ತಿದ್ದಳು. ಕಾಯಿಲೆ ಬಂದ ಹೊಸದರಲ್ಲಿ, ಯಾರೋ ಕೊಟ್ಟ ಬೇರಿನ ಪುಡಿ ನಂಬಿ ಬೆಟ್ಟಮ್ಮ ಇಂಜೆಕ್ಷನ್ನು ತಪ್ಪಿಸಿದ್ದರು. ಎರಡೇ ದಿನಕ್ಕೆ ಮಗು ಕಣ್ಣು ತೇಲಿಸಿತ್ತು. ಆ ಕತೆ ಕೇಳಿದ ಮೇಲೆ ಪುಡಿಯವರ ಹತ್ತಿರ ಹೋಗುವ ಯೋಚನೆ ಬಿಟ್ಟ ತಂದೆತಾಯಿಗಳು ಹಲವರಿದ್ದರು. ತಾನು ಹೀಗೆ ಹೇಳುವುದು ಅತ್ತೆಗೆ ಗೊತ್ತಿರಲಿಕ್ಕಿಲ್ಲ ಎಂದುಕೊಂಡಿದ್ದಳು. ಗೊತ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ಬೆಟ್ಟಮ್ಮ ಮಗನ ಮುಂದೆಯೂ ಅದನ್ನೇ ತೆಗೆದರು. ದೇವರಾಜನದು ಬಸ್ ಸ್ಟ್ಯಾಂಡಿನ ಹತ್ತಿರ ಬೈಕು ಸ್ಕೂಟರುಗಳ ಬಿಡಿಭಾಗದ ಅಂಗಡಿ. ದಿನವಿಡೀ ಗಿರಾಕಿಗಳ ಜತೆ ಮಾತಾಡಿ ಬಂದವನಿಗೆ ಮನೆಯಲ್ಲಿ ಮಾತೇ ಬೇಡ.

"ಬುಡವ್ವ ಅತ್ಲಾಗೆ. ಒಳ್ಳೇ ಕೆಲ್ಸ ತಾನೇ ಮಾಡ್ತಿರಾದು?" ಎಂದು ಮುದ್ದೆ ಮುರಿದ.

ಮಾವ ಚನ್ನಪ್ಪ ಹಸುವಿನ ಹಾಲು ಕಡಿಮೆಯಾದದ್ದರ ಮಾತು ತೆಗೆದರು. ಧನ್ಯಾ ತಲೆ ಎತ್ತದೆ ಉಂಡು ಎದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಮುಂದಿನ ವಾರ ಧನ್ಯಾ ಹಾಸನದ ಶಾಲೆಯಿಂದ ಬಂದವಳು ಬ್ಯಾಗನ್ನು ಮಂಚದ ಮೇಲೆ ಎಸೆದಳು. ಕೈಕಾಲು ತೊಳೆಯಲಿಲ್ಲ. ಬೆಟ್ಟಮ್ಮ ಕೊಟ್ಟ ಮಜ್ಜಿಗೆ ಮುಟ್ಟಲಿಲ್ಲ.

"ಸ್ಟೇಜ್ ಮೇಲೆ ಉಚ್ಚೆ ಹುಯ್ಕೊಂಡಿದ್ದು ನಾನೇ ಅಂತ ಯಾರಿಗ್ ಹೇಳ್ದೆ?"

ಆಶಾ ಬಟ್ಟೆ ಮಡಚುತ್ತಿದ್ದ ಕೈ ನಿಲ್ಲಿಸಿದಳು. "ಯಾಕೆ, ಏನಾಯ್ತು?"

"ನಮ್ಮ ಕ್ಲಾಸಿಗೆ ಹೊಳೆನರಸೀಪುರದ ಹುಡುಗಿ ಬಂದಿದಾಳೆ. ಅವಳ ತಮ್ಮಂಗೂ ಶುಗರ್ ಅಂತೆ. ಅವರಮ್ಮ ನಿನಗೆ ಫೋನ್ ಮಾಡಿದ್ರಂತೆ. ಪ್ರತಿಭಾ ಕಾರಂಜಿ, ಜನಪದ ಗೀತೆ, ಎಲ್ಲಾ ಹೇಳಿದ್ಲು. ನಾನು ಊಟಕ್ಕೆ ಮುಂಚೆ ಟಾಯ್ಲೆಟ್ಟಿಗೆ ಹೋಗಿ ಚುಚ್ಕೋತೀನಲ್ಲ, ಅದನ್ನ ನೋಡಿಬಿಟ್ಟು, 'ಆ ದುದ್ದದ ಹುಡುಗಿ ನೀನೇ ಅಲ್ವಾ' ಅಂದ್ಲು. ಎಲ್ಲರ ಎದುರಿಗೆ."

"ಅಯ್ಯೋ, ಆ ಹುಡುಗೀಗೆ ಏನ್ ಗೊತ್ತಾಗುತ್ತೆ..."

"ನೋಡ್ದಾ!" ಬೆಟ್ಟಮ್ಮನ ದನಿ ಏರಿತು. "ನಾನೇಳಿದ್ದು ಇದ್ನೇ ಅಲ್ವೇನವ್ವ? ಮುಚ್ಕಂಡಿರು ಅಂತ ಬಡ್ಕಂಡೆ."

ಧನ್ಯಾ ಅಜ್ಜಿಯ ಕಡೆಗೂ ತಿರುಗಿದಳು. "ನೀನು ಸುಮ್ನಿರಜ್ಜಿ. ನೆಂಟರು ಬಂದ್ರೆ ನನ್ನ ಒಳಗಡೆ ಕೂರಿಸಿ ಬಾಗಿಲು ಹಾಕ್ತೀಯ. ನೀನು ಮುಚ್ಚಿಡು ಅಂತೀಯ, ಇವಳು ಎಲ್ಲರಿಗೂ ಹೇಳ್ಕೊಂಡ್ ಬರ್ತಾಳೆ. ಏನ್ ಹೇಳ್ಬೇಕು, ಏನ್ ಬೇಡ ಅಂತ ನನ್ನ ಯಾರಾದ್ರೂ ಒಂದ್ ಸಲ ಕೇಳಿದ್ರಾ?"

ಆಶಾ ಮಗಳ ಭುಜ ಮುಟ್ಟಲು ಹೋದಳು. ಧನ್ಯಾ ಸರಿದು ನಿಂತಳು.

"ಇನ್ಮೇಲೆ ಹೇಳಲ್ಲ ಪುಟ್ಟ. ಒಂದು ಮಾತೂ ಹೇಳಲ್ಲ."

"ಆಣೆ?"

"ನಿನ್ನಾಣೆ."

ಆ ಮಾತು ಕೊಡುವಾಗ ಸುಲಭವಾಗಿತ್ತು. ಆಮೇಲೆ ಫೋನು ಬಂದಾಗಲೆಲ್ಲ ಆಶಾಳ ನಾಲಗೆ ತಡವರಿಸತೊಡಗಿತು. 'ನಮ್ಮನೇಲೂ' ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಚನ್ನರಾಯಪಟ್ಟಣದ ಒಬ್ಬ ತಾಯಿ "ನಿಮಗೇನು ಗೊತ್ತು ಬಿಡಿ ಮೇಡಂ, ಹೆತ್ತೋರ ಸಂಕಟ," ಎಂದು ಫೋನು ಕುಕ್ಕಿದಳು. ಆಶಾ ಆ ಹೊತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಮನೆಯಲ್ಲೂ ಏನೋ ಹದ ತಪ್ಪಿತ್ತು. ಧನ್ಯಾ ತನ್ನ ಶುಗರ್ ಎಷ್ಟಿದೆ ಎಂದು ತಾಯಿಗೆ ಹೇಳುವುದನ್ನು ನಿಲ್ಲಿಸಿದಳು. ಕೇಳಿದರೆ, "ಸರಿಯಾಗಿದೆ" ಎನ್ನುವಳು. ಮೀಟರು ತೋರಿಸು ಎಂದರೆ, "ಯಾರಿಗ್ ಹೇಳೋಕೆ?" ಎನ್ನುವಳು. ಆಶಾ ಬಟ್ಟೆ ಒಗೆಯುವಾಗ, ಕೊಟ್ಟಿಗೆ ಗುಡಿಸುವಾಗ, ಹೊಲಿಗೆ ಮಿಷನ್ನಿನ ಮುಂದೆ ಕೂತಾಗ ಕಿವಿ ಮಾತ್ರ ಮಗಳ ಕೋಣೆಯ ಕಡೆಗೇ ಇರುತ್ತಿತ್ತು. ಬೆಳಿಗ್ಗೆ ಎಬ್ಬಿಸುವಾಗ ಮಗಳು ತಕ್ಷಣ ಓಗೊಡದಿದ್ದರೆ ಹೊದಿಕೆ ಸರಿಸಿ ಕೈ ಮುಟ್ಟಿ ನೋಡುತ್ತಿದ್ದಳು.

"ಆ ಫೋನು ವಾಪಸ್ ಕೊಟ್ಬುಡು," ಎಂದ ದೇವರಾಜ ಒಂದು ದಿನ, ಅಂಗಡಿಗೆ ಹೊರಡುತ್ತಾ. "ಅವ್ವನಿಗೂ ಬೇಡ, ಮಗೀಗೂ ಬೇಡ. ನಿನಗೂ ಈಗೀಗ ನೆಮ್ಮದಿ ಇಲ್ಲ. ಯಾರಿಗೋಸ್ಕರ?"

"ಈ ತಿಂಗಳು ಮುಗೀಲಿ ರೀ. ಒಬ್ಬರು ನಡುದಾರೀಲಿದಾರೆ, ಅವರನ್ನ ಅರ್ಧಕ್ಕೆ ಬಿಡೋಕಾಗಲ್ಲ."

ಆ ಒಬ್ಬರು ಎಂದರೆ ಭೀಮ. ಮಲ್ಲಿಪಟ್ಟಣದವನು, ಕೂಲಿ ಕೆಲಸ. ಆರು ವರ್ಷದ ಮಗಳು ತೇಜಶ್ರೀಗೆ ಕಾಯಿಲೆ ಹೊಸದು. ಮೊದಲ ಸಲ ಫೋನು ಮಾಡಿದಾಗ ಆಶಾ ಎಂಬ ಹೆಸರು ಕೇಳಿ, "ಆಶಾ ಕಾರ್ಯಕರ್ತೇರಾ ಅಕ್ಕ? ಪೋಲಿಯೋ ಹಾಕೋರಾ?" ಎಂದಿದ್ದ. ಅಲ್ಲ, ನನ್ನ ಹೆಸರೇ ಆಶಾರಾಣಿ ಎಂದು ತಿಳಿಸಿ ಹೇಳುವಷ್ಟರಲ್ಲಿ ಇಬ್ಬರೂ ನಕ್ಕಿದ್ದರು. ಅವನ ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ಮನೆಯಲ್ಲಿ ಅವನು, ಮಗಳು, ಅವನಪ್ಪ ಗಂಗಯ್ಯ. ಮಗಳಿಗೆ ಇಂಜೆಕ್ಷನ್ನು ಕೊಡುವುದನ್ನು ಭೀಮ ಆಸ್ಪತ್ರೆಯಲ್ಲಿ ಕಲಿತುಕೊಂಡು ಬಂದಿದ್ದ. ಆದರೆ ಸೂಜಿ ಕಂಡರೆ ಮಗು ಕಿರುಚುತ್ತಿತ್ತು. ಮಗು ಕಿರುಚಿದರೆ ಗಂಗಯ್ಯ ಊಟ ಬಿಟ್ಟು ಎದ್ದು ಹೋಗುತ್ತಿದ್ದರು.

"ನಮ್ಮಪ್ಪ ಕೆಟ್ಟೋನಲ್ಲ ಅಕ್ಕ," ಎಂದಿದ್ದ ಭೀಮ. "ಆ ಮಗ ಅಂದ್ರೆ ಪ್ರಾಣ. ಅದ್ಕೇ ತಡ್ಕಳಾಕಾಗಕಿಲ್ಲ. ಯಾರೋ ಪುಡಿ ಕೊಟ್ಟವ್ರೆ, ಮೂರ್ ತಿಂಗ್ಳು ತಿನ್ಸುದ್ರೆ ಸೂಜಿನೇ ಬೇಡ ಅಂದವ್ರೆ ಅಂತಾನೆ."

"ಪುಡಿ ನಂಬ್ಕೊಂಡು ಇಂಜೆಕ್ಷನ್ ಮಾತ್ರ ನಿಲ್ಲಿಸಬೇಡಿ ಭೀಮ. ಒಂದ್ ಹೊತ್ತೂ ತಪ್ಪಿಸಬೇಡಿ."

"ನೀವು ಹಂಗಂತೀರ. ಅಪ್ಪಂಗೆ ಏನಂತ ಹೇಳ್ಲಿ?"

ಹೇಳಲಿಕ್ಕೆ ಆಶಾಳ ಬಳಿ ಒಂದು ಕತೆ ಇತ್ತು. ಅದು ಗಂಟಲಲ್ಲೇ ಉಳಿಯಿತು.

ಆ ಶುಕ್ರವಾರ ದೇವರಾಜ ಅಂಗಡಿಯಲ್ಲಿದ್ದ. ಚನ್ನಪ್ಪ ದಂಡಿಗನಹಳ್ಳಿಯ ನೆಂಟರ ಮನೆಗೆ ಹೋಗಿದ್ದರು. ಬೆಟ್ಟಮ್ಮ ಹಾಲು ಕರೆಯಲು ಕೊಟ್ಟಿಗೆಗೆ ಹೋದರು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು.

"ಅಮ್ಮ, ಚುಚ್ಕೊಂಡೆ. ಊಟ ಹಾಕು," ಎಂದಳು ಧನ್ಯಾ. ಸಮಾಜ ವಿಜ್ಞಾನದ ಪುಸ್ತಕ ಹಿಡಿದು ಅಡಿಗೆಮನೆಯ ಗೋಡೆಗೆ ಒರಗಿ ಕೂತಳು.

"ಆಯ್ತು, ಹಿಟ್ಟು ಹಾಕ್ದೆ. ಇನ್ನೇನು ಮುದ್ದೆ ತಿರುವೋದೊಂದೇ." ಅಷ್ಟರಲ್ಲಿ ಸಣ್ಣ ಫೋನು ಹೊಡೆದುಕೊಂಡಿತು.

"ಅಕ್ಕಾ, ನಾನು ಭೀಮ." ದನಿ ಏದುಸಿರಿನಲ್ಲಿತ್ತು. "ಮಗ ಬೆಳಿಗ್ಗೆಯಿಂದ್ಲೂ ವಾಂತಿ ಮಾಡ್ಕತಾ ಐತೆ. ಮಾತಾಡ್ಸುದ್ರೆ ಕಣ್ ಬುಡಕಿಲ್ಲ. ಉಸ್ರು ಜೋರಾಗ್ ಎಳೀತೈತೆ."

"ಇಂಜೆಕ್ಷನ್ ಕೊಟ್ಟಿದ್ರಾ?"

"ಸೂಜಿ ಆಕಾದು ಅಪ್ಪಂಗೆ ತೋರ್ಸ್ಕೊಟ್ಟು ನಾನು ಕೆಲ್ಸಕ್ಕೆ ಅಂತ ಆಚೆ ಊರಿಗೋಗಿದ್ದೆ ಅಕ್ಕ. ಈಗ ಬಂದೆ. ಮೊನ್ನೆಯಿಂದ ಕೊಟ್ಟೇ ಇಲ್ವಂತೆ."

ಆಶಾ ಒಲೆ ಸಣ್ಣ ಮಾಡಿದಳು. ಅವಸರದಲ್ಲಿ ಗುಂಡಿ ಪೂರಾ ತಿರುಗಿ ಉರಿ ಆರಿಯೇ ಹೋಯಿತು.

"ಕೇಳಿಲ್ಲಿ ಭೀಮ. ಈಗಲೇ ಆಸ್ಪತ್ರೆಗೆ ಎತ್ಕೊಂಡ್ ಹೋಗ್ಬೇಕು. ಬೆಳಿಗ್ಗೆ ಅಲ್ಲ, ಈಗ. ನೂರಾ ಎಂಟಕ್ಕೆ ಫೋನ್ ಮಾಡು."

"ಅಪ್ಪ ಬಾಗ್ಲಾಗೇ ಕುಂತವ್ನೆ. ಪುಡಿ ಒಳಗೋಗಿ ಕೆಟ್ಟದ್ದೆಲ್ಲ ಆಚೀಗ್ ಬತ್ತಾ ಐತೆ, ಈಗ ಅಲ್ಲಾಡ್ಸುದ್ರೆ ಮಗ ಉಳಿಯಕಿಲ್ಲ ಅಂತಾನೆ."

"ಅವರ ಕೈಗೆ ಫೋನ್ ಕೊಡು."

ಏನೋ ಎಳೆದಾಟದ ಸದ್ದು. ಆಮೇಲೆ ವಯಸ್ಸಾದ ಒಂದು ದನಿ.

"ಯಾರವ್ವ ನೀನು? ಡಾಕ್ಟ್ರಾ?"

"ಅಲ್ಲ ತಾತ."

"ನರ್ಸಮ್ಮನಾ?"

"ಅಲ್ಲ."

"ಮತ್ತೆ? ನಿಮ್ಮನೇಲಿ ಇಂತಾ ಮಗ ಐತಾ? ಕಿರುಚ್ಕಳೋ ಮಗೀಗೆ ದಿನಾ ಸೂಜಿ ಆಕಾದು ನೀನು ಕಣ್ಣಾರೆ ಕಂಡಿದ್ದೀಯಾ?"

ಆಶಾ ಬಾಯಿ ತೆರೆದಳು. ಮಗಳ ಕಡೆ ನೋಡಿದಳು. ಧನ್ಯಾ ಪುಸ್ತಕ ಮಡಿಲಲ್ಲಿ ಬಿಟ್ಟು ಅವಳನ್ನೇ ನೋಡುತ್ತಿದ್ದಳು. ರೆಪ್ಪೆ ಬಡಿಯುತ್ತಿರಲಿಲ್ಲ. ಹೇಳು ನೋಡೋಣ, ಎನ್ನುವ ಹಾಗಿತ್ತು ಆ ನೋಟ. ಆಣೆ ಮುರಿಯುವುದೇ ಆದರೂ ಮುರಿದೇನು, ಮೊದಲು ಇನ್ನೊಂದು ದಾರಿ ನೋಡುತ್ತೇನೆ ಎಂದು ಆಶಾ ಎದುರು ಗೋಡೆಯ ಕಡೆ ಮುಖ ತಿರುಗಿಸಿದಳು.

"ನನ್ನ ಮನೆ ವಿಷಯ ಬಿಡಿ ತಾತ. ನಿಮ್ಮ ಮೊಮ್ಮಗಳು ಎಲ್ಲಿದಾಳೆ?"

"ಇಲ್ಲೇ ಚಾಪೆ ಮ್ಯಾಲೆ ಮಲಗವ್ಳೆ."

"ಪಕ್ಕದಲ್ಲಿ ಕೂತ್ಕೊಳ್ಳಿ. ಅವಳ ಬಾಯಿ ಹತ್ರ ಮೂಗಿಟ್ಟು ನೋಡಿ. ಏನ್ ವಾಸನೆ ಬರ್ತಾ ಇದೆ ಹೇಳಿ."

ಮಗುವಿನ ಉಸಿರಿನ ಸದ್ದು ಮಾತ್ರ ಫೋನಿನಲ್ಲಿ ಕೇಳುತ್ತಿತ್ತು.

"ಹಣ್ಣಿನ ವಾಸ್ನೆ ಕಣವ್ವ. ಕೊಳ್ತ ಹಣ್ಣಿನಂಗೆ."

"ಹಣ್ಣು ತಿಂದಿದ್ಲಾ?"

"ಎಲ್ಲಿಂದ ತಿಂದಾಳು. ನೀರ್ ಕುಡುದ್ರೂ ಕಕ್ತಾ ಅವ್ಳೆ."

"ಹಂಗಾದ್ರೆ ಆ ವಾಸನೆ ಎಲ್ಲಿಂದ ಬಂತು ತಾತ? ಅದು ಪುಡೀದಲ್ಲ, ಹಣ್ಣಿನದೂ ಅಲ್ಲ. ಇನ್ಸುಲಿನ್ ಇಲ್ದೆ ಮೈಯೊಳಗೆ ರಕ್ತ ವಿಷ ಆಗ್ತಾ ಇದೆ. ಅದು ಬಾಯಿಗೆ ಬಂದಿದೆ. ವಾಂತೀಲಿ ಹೋಗೋದಲ್ಲ ಅದು. ಇನ್ನು ತಡ ಮಾಡಿದ್ರೆ ಮಗು ಏಳಲ್ಲ."

ಗಂಗಯ್ಯ ಮತ್ತೊಮ್ಮೆ ಮೂಸಿ ನೋಡಿದರೇನೋ. ಇದಕ್ಕೂ ಬಗ್ಗದಿದ್ದರೆ ಎಲ್ಲ ಹೇಳಿಬಿಡುವುದೇ ಎಂದು ಆಶಾ ನಿಶ್ಚಯಿಸಿದಳು. ಅಷ್ಟರಲ್ಲಿ ದೂರದಿಂದೆಂಬಂತೆ ಮುದುಕನ ಕೂಗು ಕೇಳಿಸಿತು:

"ಲೇ ಭೀಮ, ಕಂಬ್ಳಿ ತತ್ತಾರ್ಲಾ!"

ಫೋನು ಕಡಿದುಹೋಯಿತು.

ಆಶಾ ಫೋನನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಹಿಂದಿನಿಂದ ಬೆಟ್ಟಮ್ಮನ ಕೂಗು ಬಂತು.

"ಅಯ್ಯೋ ಏನಾಯ್ತೇ ಕೂಸೆ!"

ಧನ್ಯಾ ಗೋಡೆಯಿಂದ ಪಕ್ಕಕ್ಕೆ ಜಾರಿದ್ದಳು. ಹಣೆ, ಕುತ್ತಿಗೆ, ಸಮವಸ್ತ್ರದ ಬೆನ್ನು ಎಲ್ಲ ಬೆವರಿನಿಂದ ತೊಯ್ದಿತ್ತು. ತುಟಿ ಬಿಳಿಚಿಕೊಂಡಿತ್ತು. ಇಂಜೆಕ್ಷನ್ನು ಒಳಗೆ ಹೋಗಿ, ಹೊಟ್ಟೆಗೆ ಮಾತ್ರ ಒಂದು ತುತ್ತೂ ಬಿದ್ದಿರಲಿಲ್ಲ. ಬೆಟ್ಟಮ್ಮ ಹಾಲಿನ ಚೆಂಬನ್ನು ಎಲ್ಲಿಟ್ಟರೋ, ಅರ್ಧ ಹಾಲು ನೆಲದ ಪಾಲಾಯಿತು. ಸಕ್ಕರೆ ಡಬ್ಬಿ ಎಳೆದು ನೀರಿಗೆ ಹಾಕಿ ಕೈಯಲ್ಲೇ ಕಲಕಿದರು. ಆಶಾ ಮಗಳ ತಲೆ ಎತ್ತಿ ಹಿಡಿದಳು.

"ನುಂಗು ಮಗ. ಇನ್ನೊಂದ್ ಗುಟುಕು. ನನ್ ಕೂಸಲ್ವಾ, ನುಂಗವ್ವ," ಎಂದರು ಬೆಟ್ಟಮ್ಮ.

ಧನ್ಯಾ ನುಂಗಿದಳು. ಮೊದಲು ಗದ್ದದ ಮೇಲೆಲ್ಲ ಚೆಲ್ಲಿ, ಆಮೇಲೆ ಸರಿಯಾಗಿ. ಅವಳ ಕೈ ಬೆಚ್ಚಗಾಗುವವರೆಗೆ ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೆ ಬೆಟ್ಟಮ್ಮ ಸೆರಗಿನಿಂದ ಮೊಮ್ಮಗಳ ಮುಖ ಒರೆಸುತ್ತಾ ಅಂದರು:

"ಯಾವೂರು, ಯಾವ್ ಜನ, ಯಾರ ಮಗೀಗೋ ಪ್ರಾಣ ಕೊಡಾಕೋಗಿ ಮನೆ ಮಗೀನೆ ಕೊಂದ್ಬುಡ್ತಿದ್ದಲ್ಲೇ ತಾಯಿ."

ಆಶಾ ಮತ್ತೆ ಒಲೆ ಹಚ್ಚಿ, ಗಂಟುಗಟ್ಟಿದ್ದ ಹಿಟ್ಟನ್ನು ಚೆಲ್ಲಿ, ಇದ್ದ ಅನ್ನಕ್ಕೆ ಸಾರು ಕಲಸಿ ಮಗಳಿಗೆ ತಾನೇ ಉಣಿಸಿದಳು.

ದೇವರಾಜ ಬಂದು ವಿಷಯ ಕೇಳಿದವನು ಚಪ್ಪಲಿ ಕೂಡ ಬಿಡದೆ ಒಳಗೆ ಬಂದ.

"ಎಲ್ಲಿ ಆ ಫೋನು?"

"ಅಲ್ಲಿದೆ."

"ನಾಳೆ ಬೆಳಿಗ್ಗೆ ಹಾಸನಕ್ಕೆ ತಗೊಂಡೋಗಿ ಬಿಸಾಕ್ ಬತ್ತೀನಿ. ನಿನ್ನ ಕಣ್ಮುಂದೇನೇ ಕೂತಿದ್ಲಂತಲ್ಲ ಆಶಾ. ಕಣ್ಮುಂದೆ!"

"ನೋಡ್ದೆ ರೀ," ಎಂದಳು ಆಶಾ. "ನೋಡ್ದೆ. ಆಣೆ ಮುರೀತೀನಾ ಅಂತ ನನ್ನೇ ದಿಟ್ಟಿಸ್ತಾ ಇದಾಳೆ ಅಂದ್ಕೊಂಡೆ. ಮುಖ ತಿರುಗಿಸಿಬಿಟ್ಟೆ."

"ಕೂಗ್ಬಾರದಿತ್ತಾ ಮಗ?" ದೇವರಾಜ ಮಗಳ ಪಕ್ಕ ಕೂತ. "ಹಿಂಗಾದಾಗ ನಿಂಗೇ ಗೊತ್ತಾಯ್ತದಲ್ಲ. ಒಂದ್ ಮಾತು ಅಮ್ಮ ಅಂತ ಕೂಗಿದ್ರೆ?"

ಧನ್ಯಾ ಹೊದ್ದಿದ್ದ ದುಪ್ಪಟಿಯ ಅಂಚು ಎಳೆಯುತ್ತಾ ಇದ್ದಳು.

"ಕೂಗೋಣ ಅಂದ್ಕೊಂಡೆ ಅಪ್ಪ. ನಡುಕ ಶುರುವಾಗಿತ್ತು. ಆದ್ರೆ ಆ ಮಗು ಕಣ್ಣೇ ಬಿಡ್ತಿಲ್ಲ ಅಂತಿದ್ರಲ್ಲ. ಅಮ್ಮ ಫೋನ್ ಇಟ್ಬಿಟ್ರೆ ಅದು ಸತ್ತೋಗುತ್ತೇನೋ ಅಂತ ತಡ್ಕೊಂಡೆ. ಇನ್ನೊಂಚೂರು, ಇನ್ನೊಂಚೂರು ಅಂತ. ಆಮೇಲೆ ಕೂಗೋಕೇ ಆಗ್ಲಿಲ್ಲ."

ದೇವರಾಜ ಹೆಂಡತಿಯ ಮುಖ ನೋಡಿದ. ಬೆಟ್ಟಮ್ಮ ಸೆರಗು ಬಾಯಿಗಿಟ್ಟುಕೊಂಡು ಎದ್ದು ಹೋದರು. ಚೆಲ್ಲಿದ ಹಾಲನ್ನು ಒರೆಸುವವರು ಯಾರೂ ಇಲ್ಲದೆ ಅದು ಅಲ್ಲೇ ಒಣಗಿತು.

ಮಾರನೇ ದಿನ ದೇವರಾಜ ಫೋನು ಒಯ್ಯಲಿಲ್ಲ. ಆಶಾಳೇ ಸಹಾಯವಾಣಿ ನೋಡಿಕೊಳ್ಳುವ ಸ್ಪಂದನಾಗೆ ಕರೆ ಮಾಡಿ ಆದದ್ದನ್ನೆಲ್ಲ ಹೇಳಿದಳು.

"ನಿಮ್ಮ ಪಾಳಿ ಬೇರೆಯವರಿಗೆ ಹಾಕ್ತೀನಿ ಆಶಾ ಅವರೇ. ಮೊದಲು ಧನ್ಯಾನ ನೋಡ್ಕೊಳ್ಳಿ," ಎಂದಳು ಸ್ಪಂದನಾ. "ಮಲ್ಲಿಪಟ್ಟಣದ ಮಗು ವಿಷಯ ನಾನು ವಿಚಾರಿಸ್ತೀನಿ. ನೀವು ಅವರಿಗೆ ಫೋನ್ ಮಾಡ್ಬೇಡಿ, ಆಯ್ತಾ?"

ಆಶಾ ಮಾಡಿದಳು. ನಿಯಮ ಗೊತ್ತಿದ್ದೂ ಮಾಡಿದಳು. ಭೀಮನ ಫೋನು ಸ್ವಿಚ್ ಆಫ್ ಆಗಿತ್ತು. ಹಿಂದೆ ಹಿತ್ತಲಿಗೆ ಹೋಗಿ ಮತ್ತೆ ಮಾಡಿದಳು. ಆಫ್. ಕಂಬಳಿಯಲ್ಲಿ ಸುತ್ತಿ ಹೊರಟರೋ, ಇಲ್ಲ ಹೊದಿಸಿ ಮಲಗಿಸಿದರೋ? ಮುದುಕ ಕಂಬಳಿ ಕೇಳಿದ್ದು ಯಾತಕ್ಕೆ? ಇಷ್ಟು ಹೊತ್ತಿಗೆ ಆ ಮಗು ಇದೆಯೋ ಇಲ್ಲವೋ? ನನ್ನ ಮಗಳ ಕತೆಯನ್ನು ಮೊದಲೇ ಹೇಳಿದ್ದರೆ ಇಷ್ಟಕ್ಕೆ ಬರುತ್ತಲೇ ಇರಲಿಲ್ಲವೇನೋ. ಯೋಚನೆ ಹೀಗೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿತ್ತು. ಹಾಲು ಉಕ್ಕಿತು. ಹೊಲಿಯಲು ಬಂದ ರವಿಕೆಯ ತೋಳನ್ನು ಮುಂಗೈ ಕಡೆಯಿಂದ ಜೋಡಿಸಿಬಿಟ್ಟಳು.

ಧನ್ಯಾ ಶಾಲೆಯಿಂದ ಬರುತ್ತಲೇ ಕೇಳಿದಳು. "ಆ ಮಗು ಏನಾಯ್ತು?"

"ಗೊತ್ತಿಲ್ಲ ಪುಟ್ಟ."

ಬೆಟ್ಟಮ್ಮ ನೇರ ಕೇಳಲಿಲ್ಲ. ಸೋಮವಾರ ಕಾಳು ಬಿಡಿಸುತ್ತಾ, "ಆ ಮಲ್ಲಿಪಟ್ಟಣದ ಕಡೆ ಬಸ್ಸು ಗಿಸ್ಸು ಸರ್ಯಾಗ್ ಐತೋ ಇಲ್ವೋ," ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಚನ್ನಪ್ಪನವರಿಗೆ ನಗು ಬಂತು. ನಗಲಿಲ್ಲ.

ಸ್ಪಂದನಾ ಫೋನು ಮಾಡಿದ್ದು ಅದರ ಮಾರನೇ ದಿನ. ತೇಜಶ್ರೀ ಹಾಸನದ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿದ್ದಾಳೆ. ಮೊದಲೆರಡು ದಿನ ಏನೂ ಹೇಳುವಂತಿರಲಿಲ್ಲ. ಈಗ ಗಂಜಿ ಕುಡಿಯುತ್ತಿದ್ದಾಳೆ. ಗಡಿಬಿಡಿಯ ದಾರಿಯಲ್ಲಿ ಭೀಮನ ಫೋನು ಎಲ್ಲೋ ಬಿದ್ದುಹೋಯಿತಂತೆ. "ಆ ತಾತ ನಿಮ್ಮನ್ನ ನೋಡ್ಬೇಕು ಅಂತ ಹಟ ಹಿಡಿದಿದಾರೆ. ಸಾಮಾನ್ಯವಾಗಿ ನಾವು ಒಪ್ಪಲ್ಲ. ಆಸ್ಪತ್ರೇಲಿ ಆದ್ರೆ, ನಾನೂ ಇರ್ತೀನಿ. ನಿಮ್ಮಿಷ್ಟ."

ಆಶಾ ನೆಲದ ಮೇಲೆ ಕೂತುಬಿಟ್ಟಳು.

"ನಾನೂ ಬರ್ತೀನಿ," ಎಂದಳು ಧನ್ಯಾ.

"ನೀನ್ಯಾಕವ್ವ ಅಲ್ಲಿಗೆ?" ಬೆಟ್ಟಮ್ಮ ತಕ್ಷಣ ಅಂದರು. "ಆಸ್ಪತ್ರೆ ಅಂದ್ರೆ ನಾಕೂರು ಜನ ಇರ್ತಾರೆ. ಯಾರ ಕಣ್ಣಿಗಾದ್ರೂ ಬಿದ್ರೆ?"

"ಓಗ್ಲಿ ಬುಡು," ಎಂದರು ಚನ್ನಪ್ಪ. ಅವರು ಅಷ್ಟು ದಿನಗಳಲ್ಲಿ ಆ ವಿಷಯಕ್ಕೆ ಆಡಿದ ಮೊದಲ ಮಾತು ಅದು. "ಅವ್ಳು ತಡ್ಕಂಡಿದ್ಲಲ್ಲ. ಆ ಮಗೀನ ಮಕ ನೋಡ್ಕಂಡ್ ಬರ್ಲಿ."

ಮಕ್ಕಳ ವಾರ್ಡಿನಲ್ಲಿ ಫಿನಾಯಿಲ್ ವಾಸನೆಯೂ ಇಡ್ಲಿಯ ವಾಸನೆಯೂ ಬೆರೆತಿದ್ದವು. ಕಿಟಕಿಯ ಪಕ್ಕದ ಮಂಚದಲ್ಲಿ ತೇಜಶ್ರೀ ಕೂತಿದ್ದಳು. ಕಡ್ಡಿಯಂಥ ಕೈಗೆ ಪಟ್ಟಿ ಸುತ್ತಿತ್ತು. ಭೀಮ ಎದ್ದು ನಿಂತು ಸ್ಟೂಲು ಸರಿಸಿದ. ಅವನು ಆಶಾ ಅಂದುಕೊಂಡದ್ದಕ್ಕಿಂತ ಬಹಳ ಚಿಕ್ಕವನಾಗಿ ಕಂಡ. ಗಂಗಯ್ಯ ಕೈಮುಗಿದರು.

"ಆ ವಾಸ್ನೆ ಇನ್ನೂ ಮೂಗ್ನಾಗೇ ಐತೆ ಕಣವ್ವ," ಎಂದರು.

ನರ್ಸು ಇಂಜೆಕ್ಷನ್ನು ಹಿಡಿದು ಬಂದದ್ದೇ ತಡ, ಮಗು ಕಿರುಚಿ ತಾತನ ಕೊರಳಿಗೆ ಜೋತುಬಿತ್ತು. ಗಂಗಯ್ಯ ಬಿಡಿಸಿಕೊಳ್ಳಲಾರದೆ, ಹಿಡಿದುಕೊಳ್ಳಲಾರದೆ ಒದ್ದಾಡಿದರು.

"ಕೊಡುಸ್ತೀನಿ ಕಣವ್ವ, ಇನ್ ಮ್ಯಾಲೆ ಬ್ಯಾಡ ಅನ್ನಕಿಲ್ಲ. ಆದ್ರೆ ಇದಿಂಗೆ ಕಿರುಚ್ದಾಗ ಕರುಳು ಕಿತ್ತು ಬತ್ತದೆ." ಅವರು ಆಶಾಳ ಮುಖ ನೋಡಿದರು. "ಸ್ವಲ್ಪ ದೊಡ್ಡೋಳಾದ್ರೆ ನೋವು ಕಮ್ಮಿ ಆಯ್ತದಾ? ನಿಂಗೊತ್ತಿದ್ರೆ ಹೇಳವ್ವ."

ಆಶಾಳಿಗೆ ಉತ್ತರ ಬಾಯಿಪಾಠವಾಗಿತ್ತು. ಆದರೆ ಅದನ್ನು ಆಡುವ ಹಕ್ಕು ತನ್ನದಲ್ಲ ಎಂದು ಸುಮ್ಮನಾದಳು. ಸ್ಪಂದನಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಧನ್ಯಾ ಮಂಚದ ಅಂಚಿನಲ್ಲಿ ಕೂತಾಗಿತ್ತು.

"ನಂಗೂ ಇದೆ ತಾತ, ಇದೇ ಕಾಯಿಲೆ. ನಾಲ್ಕು ವರ್ಷ ಆಯ್ತು. ನಮ್ಮನೇಲೂ ಪುಡಿ ತಿನ್ಸಿದ್ರು."

ಪಕ್ಕದ ಮಂಚದವರು ತಿರುಗಿ ನೋಡಿದರು. ಧನ್ಯಾ ದನಿ ತಗ್ಗಿಸಲಿಲ್ಲ.

"ನೋವು ಕಮ್ಮಿ ಆಗಲ್ಲ ತಾತ. ನೋಯುತ್ತೆ. ದಿನಾ ನೋಯುತ್ತೆ." ಆಮೇಲೆ ಮಗುವಿನ ಪಟ್ಟಿಯಿಲ್ಲದ ಕೈ ಹಿಡಿದು ಅಂದಳು: "ಅಳ್ಬೇಕಾದ್ರೆ ಅಳು, ಪರವಾಗಿಲ್ಲ. ನನ್ನ ಕೈ ಹಿಸುಕು. ಎಷ್ಟು ಜೋರಾಗ್ ಬೇಕಾದ್ರೂ ಹಿಸುಕು. ಆಮೇಲೆ ಚುಚ್ಚಿಸ್ಕೋ."

ತೇಜಶ್ರೀ ಅತ್ತಳು, ಹಿಸುಕಿದಳು, ಚುಚ್ಚಿಸಿಕೊಂಡಳು.

ಆಶಾ ನೀರು ತರುವ ನೆಪದಲ್ಲಿ ಹೊರಗೆ ಬಂದು ವರಾಂಡದ ಕಂಬಕ್ಕೆ ಒರಗಿದಳು. ಈ ನಾಲ್ಕು ವರ್ಷದಲ್ಲಿ ಅವಳು "ನೋಯ್ತಾ ಪುಟ್ಟ?" ಎಂದು ಕೇಳಿದಾಗಲೆಲ್ಲ ಧನ್ಯಾ "ಇಲ್ಲಮ್ಮ" ಎಂದಿದ್ದಳು. ಒಮ್ಮೆಯೂ ತಪ್ಪದೆ. ಆ 'ಇಲ್ಲಮ್ಮ' ಎಂಬ ಮಾತನ್ನು ಆಶಾ ನಂಬಿ, ಎಷ್ಟೋ ತಾಯಂದಿರಿಗೆ ಹಂಚಿದ್ದಳು. ಮಗಳು ತಾಯಿಗೆ ಹೇಳದೆ ಇಟ್ಟುಕೊಂಡಿದ್ದನ್ನು ಈಗ ಗುರುತಿಲ್ಲದ ಒಬ್ಬ ಮುದುಕನಿಗೆ ಹೇಳಿಬಿಟ್ಟಿದ್ದಳು.

ಬಸ್ಸಿನಲ್ಲಿ ಆಶಾ ಅದರ ಮಾತೆತ್ತಲಿಲ್ಲ. ಧನ್ಯಾ ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡಿದಳು.

ಮನೆಗೆ ಬಂದಾಗ ಬೆಟ್ಟಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. "ಹೆಂಗವ್ಳೆ?"

"ಚೆನ್ನಾಗಿದಾಳೆ ಅತ್ತೆ. ಈ ವಾರ ಮನೆಗೆ ಕಳಿಸ್ತಾರಂತೆ."

"ಬದುಕ್ಕಳ್ಳಿ." ಆಮೇಲೆ ಮೊಮ್ಮಗಳ ಕಡೆ ಕಣ್ಣು ಹೋಯಿತು. "ಇವಳ್ ವಿಷ್ಯ ಯಾರೂ ಕೇಳ್ನಿಲ್ವಾ?"

"ನಾನೇ ಹೇಳ್ದೆ ಅಜ್ಜಿ," ಎಂದಳು ಧನ್ಯಾ ಚಪ್ಪಲಿ ಬಿಡುತ್ತಾ.

"ಎಲ್ಲಾರ ಮುಂದ್ಗಡೆ?"

"ಹೂಂ. ಸ್ಟೇಜ್ ವಿಷ್ಯ ಹೇಳ್ಲಿಲ್ಲ. ಅದನ್ನ ಯಾರಿಗೂ ಹೇಳಲ್ಲ. ಇದನ್ನ ಹೇಳ್ದೆ. ನನ್ನ ತಂದ್ಕೊಳೋರು ಬರ್ತಾರಲ್ಲ, ಅವರಿಗೂ ನಾನೇ ಹೇಳ್ತೀನಿ."

"ಕೇಳ್ದಾ ನಿನ್ ಮಗಳ ಮಾತ?" ಎಂದರು ಬೆಟ್ಟಮ್ಮ, ಅಂಗಡಿಯಿಂದ ಆಗಷ್ಟೇ ಬಂದ ಮಗನಿಗೆ. ಸಿಟ್ಟಿತ್ತು, ಆದರೆ ಒಳಗೆ ಹೋಗಿ ತಟ್ಟೆ ಹಾಕಿದ್ದು ಅವರೇ. ಸಹಾಯವಾಣಿಯ ಫೋನು ಬೀರುವಿನಲ್ಲಿತ್ತು. ಬೆಳಿಗ್ಗೆ, ಧನ್ಯಾ ಶಾಲೆಗೆ ಹೋದ ಮೇಲಿನ ಹೊತ್ತಿಗೆ ಪಾಳಿ ಕೊಡುತ್ತೇನೆ ಎಂದು ಸ್ಪಂದನಾ ಹೇಳಿದ್ದಳು. ದೇವರಾಜ ಅದನ್ನು ಕೇಳಿ, "ಊಟದ ಹೊತ್ತಿಗೆ ಮಾತ್ರ ಬೇಡ," ಎಂದಷ್ಟೇ ಅಂದ.

ಆ ಸಂಜೆ ಧನ್ಯಾ ಫ್ರಿಜ್ಜಿನಿಂದ ಇನ್ಸುಲಿನ್ನು ತೆಗೆದುಕೊಂಡು ಮೂಲೆಯಲ್ಲಿ ಕೂತಳು. ದಿನವೂ ಆ ಹೊತ್ತಿನಲ್ಲಿ ಆಶಾಳಿಗೆ ಒಲೆಯ ಮುಂದೆ ಏನಾದರೊಂದು ಕೆಲಸ ಇದ್ದೇ ಇರುತ್ತಿತ್ತು. ಅವತ್ತು ಮುದ್ದೆ ಮೊದಲೇ ಕಟ್ಟಿಟ್ಟು ಬಂದು ಮಗಳ ಪಕ್ಕ ಕೂತಳು.

"ಏನಮ್ಮ?"

"ಏನಿಲ್ಲ. ಕೂತಿದೀನಿ ಅಷ್ಟೇ."

ಧನ್ಯಾ ಅಂಗಿ ಸರಿಸಿ ಚುಚ್ಚಿಕೊಂಡಳು. ಹುಬ್ಬು ಒಂದಿಷ್ಟು ಗಂಟಾಗಿ ಬಿಚ್ಚಿಕೊಂಡಿತು. ಆ ಗಂಟನ್ನು ಆಶಾ ಮೊದಲ ಸಲ ನೋಡಿದಳು.

"ನೋಯ್ತಾ?"

ಧನ್ಯಾ ತಾಯಿಯ ಮುಖ ನೋಡಿದಳು.

"ಹೂಂ," ಎಂದಳು.

ಆಶಾ ಸಮಾಧಾನದ ಮಾತು ಹುಡುಕಲಿಲ್ಲ. ತಟ್ಟೆ ಹತ್ತಿರಕ್ಕೆ ಎಳೆದು, ಬಿಸಿ ಮುದ್ದೆ ಮುರಿದು ಸಾರು ಬಿಟ್ಟಳು.